ಅಡಿಕೆ ಡ್ರೈಯರ್‌ನ ಪಿಎಲ್‌ಸಿಗೆ ಇನ್ನೂರು ರೂಪಾಯಿ ಕನ್ವರ್ಟರ್ ಸಾಕಾ?

ತೀರ್ಥಹಳ್ಳಿ ಹತ್ತಿರದ ಒಂದು ಅಡಿಕೆ ಡ್ರೈಯರ್. ಪ್ಯಾನೆಲ್‌ನಿಂದ ಆಫೀಸ್ ರೂಮಿಗೆ ಸುಮಾರು 60 ಮೀಟರ್ ಆರ್‌ಎಸ್-485 ಕೇಬಲ್ (ದೂರಕ್ಕೆ ಡೇಟಾ ಒಯ್ಯುವ ತಂತಿ) ಎಳೆದಿದ್ದಾರೆ. ಅಲ್ಲಿ ಲ್ಯಾಪ್‌ಟಾಪಿಟ್ಟು ಪಿಎಲ್‌ಸಿಯಿಂದ, ಅಂದರೆ ಡ್ರೈಯರ್ ನಡೆಸುವ ಪುಟ್ಟ ಕಂಪ್ಯೂಟರಿನಿಂದ, ಡ್ರೈಯರ್‌ನ ಉಷ್ಣತೆ ಓದಲು ಹೋದರೆ ಬರೀ ಟೈಮ್‌ಔಟ್, ಉತ್ತರವೇ ಇಲ್ಲ. ಮೂರು ದಾರಿ ನೋಡಿದೆ.

ಮೊದಲನೆಯದು ಈ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸೇರಿಸುವ, ಇನ್ನೂರು ರೂಪಾಯಿಯ ಯುಎಸ್‌ಬಿ ಕನ್ವರ್ಟರ್. ಅದನ್ನು ಬೈಯುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದ್ದೆ, ಲ್ಯಾಪ್‌ಟಾಪ್ ಅದಕ್ಕೆ ಕೊಡುವ ಪೋರ್ಟ್ ನಂಬರು ಕಾಮ್ 3 ಇದ್ದದ್ದು ಕಾಮ್ 7 ಆಗಿತ್ತು. ತಪ್ಪು ಹಿಡಿಯುವ ಪ್ಯಾರಿಟಿ ಸೆಟ್ಟಿಂಗ್ ಎರಡೂ ಕಡೆ ಒಂದೇ ಇರಬೇಕು; ಪಿಎಲ್‌ಸಿಯಲ್ಲಿ ‘ಈವನ್’ ಇತ್ತು, ನನ್ನ ಸಾಫ್ಟ್‌ವೇರ್‌ನಲ್ಲಿ ‘ನನ್’ (None). ಎ, ಬಿ ತಂತಿಯೂ ಅದಲುಬದಲು. ಈ ಗುರುತನ್ನು ಎಲ್ಲ ಕಂಪನಿಯವರೂ ಒಂದೇ ಥರ ಹಾಕುವುದಿಲ್ಲ. ಉತ್ತರ ಬರದಿದ್ದರೆ ಸುಮ್ನೆ ತಿರುಗಿಸಿ ನೋಡಿ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಓದತೊಡಗಿತು. ಬ್ಲೋವರ್ ಆನ್ ಮಾಡಿದರೆ ಮತ್ತೆ ಟೈಮ್‌ಔಟ್. ಬ್ಲೋವರ್ ಓಡುವುದು ವಿಎಫ್‌ಡಿ (ಮೋಟಾರಿನ ವೇಗ ಹೊಂದಿಸುವ ಪೆಟ್ಟಿಗೆ) ಮೇಲೆ, ಅದು ತಂತಿಗೆ ಕೊಡುವ ಕರೆಂಟಿನ ಗಲಾಟೆ ಜಾಸ್ತಿ. ಏನೋ ತೋಚಿ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ನೂರು ಸಲ ಕೇಳಿದರೆ ನಲವತ್ತು ತಪ್ಪುತ್ತಿದ್ದದ್ದು ಎರಡಕ್ಕೆ ಇಳಿಯಿತು! ಪ್ಯಾನೆಲ್‌ನ ಅರ್ತಿಂಗ್‌ಗೂ ಚಾರ್ಜರ್ ಮೂಲಕ ಲ್ಯಾಪ್‌ಟಾಪಿಗೆ ಸೇರುವ ಆಫೀಸಿನ ಅರ್ತಿಂಗ್‌ಗೂ ಸರಿಹೋಗುತ್ತಿಲ್ಲ ಅಂತ ಆಗ ಹೊಳೆಯಿತು.

ಎರಡನೆಯ ದಾರಿಯಾಗಿ ಹತ್ತು ಪಟ್ಟು ಬೆಲೆಯ ಐಸೊಲೇಟೆಡ್ ಕನ್ವರ್ಟರ್ ತರಿಸಿದೆ. ಲೈನಿಗೂ ಲ್ಯಾಪ್‌ಟಾಪಿಗೂ ಕರೆಂಟಿನ ನೇರ ಸಂಬಂಧವನ್ನೇ ಇದು ಕಡಿದುಬಿಡುತ್ತದೆ. ಕೇಬಲ್‌ನ ಎರಡೂ ತುದಿಗೆ, ಸಿಗ್ನಲ್ ವಾಪಸ್ ಪುಟಿಯದಂತೆ, 120 ಓಮ್ ರೆಸಿಸ್ಟರ್ ಹಾಕಿದೆ. ಚಾರ್ಜರ್ ಹಾಕಿ, ಬ್ಲೋವರ್ ಓಡಿಸಿ, ಒಂದು ಗಂಟೆ ಕೂತು ನೋಡಿದೆ. ಒಂದೂ ತಪ್ಪಲಿಲ್ಲ. ಹಾಗಂತ ಇದು ಸಿಡಿಲು ತಡೆಯುವ ಸಾಮಾನಲ್ಲ. ಗುಡುಗು ಕೇಳಿದರೆ ನಾನು ಈಗಲೂ ತಂತಿ ಕಿತ್ತಿಡುತ್ತೇನೆ.

ಮೂರನೆಯದು ಈಥರ್‌ನೆಟ್, ಅಂದರೆ ನೆಟ್‌ವರ್ಕ್ ಕೇಬಲ್. ಈ ಮೂರರಲ್ಲಿ ಎಲ್ಲಕ್ಕಿಂತ ಸಲೀಸು. ಪ್ರೋಗ್ರಾಂ ಇಳಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಒಂದೇ ಕಿರಿಕಿರಿ: ವೈಫೈಯೂ ಪಿಎಲ್‌ಸಿಯೂ 192.168.1 ಅನ್ನುವ ನೆಟ್‌ವರ್ಕ್ ವಿಳಾಸದ ಸಾಲಿನಲ್ಲೇ ಇದ್ದವು, ಪಿಂಗ್ (ಆ ಕಡೆ ಯಾರಾದರೂ ಇದ್ದಾರಾ ಅಂತ ಕೇಳುವ ಸಂದೇಶ) ದಾರಿ ತಪ್ಪುತ್ತಿತ್ತು. ವೈಫೈ ಆಫ್ ಮಾಡಿದೆ, ಸಿಕ್ಕಿತು. ಆದರೆ ಈ ಪಿಎಲ್‌ಸಿಗೆ ಇರುವುದು ಒಂದೇ ಪೋರ್ಟ್, ಅದು ಟಚ್ ಸ್ಕ್ರೀನಿಗೆ ಬೇಕು.

ಹಾಗಾಗಿ ಆಫೀಸಿಗೆ ಐಸೊಲೇಟೆಡ್ಡನ್ನೇ ಬಿಟ್ಟು ಬಂದೆ. ಪ್ರೋಗ್ರಾಂ ಬದಲಿಸುವ ದಿನ ಮಾತ್ರ ಸ್ಕ್ರೀನ್ ಕೇಬಲ್ ಕಿತ್ತು ಈಥರ್‌ನೆಟ್.

“ಹಾಗಾದ್ರೆ ಆ ಇನ್ನೂರರದ್ದು ಏನ್ಮಾಡ್ತೀರಿ ಮಾರಾಯ್ರೆ?” ಅಂದರು ಯಜಮಾನರು. ಶಿವಮೊಗ್ಗದ ಮನೆ ಟೇಬಲ್ ಮೇಲೆ ಅರ್ಧ ಮೀಟರ್ ತಂತಿಯಲ್ಲಿ ಅದು ಚೆನ್ನಾಗೇ ಓಡುತ್ತಿದೆ.