ಬಿಲ್‌ನಲ್ಲಿ ಕಾರ್ಬನ್, ಹರಳಿನ ಮೇಲೆ ಚಿನ್ನ: ಎಸ್‌ಇಎಂಗೆ ಸ್ಯಾಂಪಲ್ ಕೊಡುವವರೇ, ಎಚ್ಚರ

ಖನಿಜದ ಹರಳುಗಳನ್ನು ಎಸ್‌ಇಎಂಗೆ (ಎಲೆಕ್ಟ್ರಾನ್ ಕಿರಣದಿಂದ ನೋಡುವ ಮೈಕ್ರೋಸ್ಕೋಪ್) ಸಿದ್ಧ ಮಾಡಿಸಲು ಹೊರಗಿನ ಲ್ಯಾಬ್‌ಗೆ ಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಕೊಡಗಿನವರು. ಮಡಿಕೇರಿಯಲ್ಲಿ ಕೂತು ಕೆಲಸ ಮಾಡುವ ನನ್ನಂಥವರು ಯಾರನ್ನೋ ನಂಬಿ ಪಾರ್ಸೆಲ್ ಹಾಕಲೇಬೇಕು. ಆ ನಂಬಿಕೆ ಮೇಲೆಯೇ ದುಡ್ಡು ಮಾಡುವವರಿದ್ದಾರೆ.

ನನ್ನ ಕೆಲಸ ಮಡಿಕೇರಿ ಸುತ್ತಿನ ಗ್ರ್ಯಾನ್ಯುಲೈಟ್ ಕಲ್ಲಿನ ಮೇಲೆ. ಭೂಮಿಯ ಆಳದಲ್ಲಿ ಬೆಂದು ರೂಪ ಬದಲಿಸಿದ, ಗಾರ್ನೆಟ್, ಕಯನೈಟ್ ಖನಿಜ ಇರುವ ಕಲ್ಲು. ಕೊಡಗಿನ ಕಲ್ಲುಗಳ ಜಿರ್ಕಾನ್‌ಗಳಲ್ಲಿ 300 ಕೋಟಿ ವರ್ಷಕ್ಕೂ ಹಳೆಯವು ಸಿಕ್ಕಿವೆ. ನಾನು ಹುಡುಕುತ್ತಿದ್ದದ್ದು ಕಯನೈಟ್‌ಗೆ ಅಂಟಿಕೊಂಡ ಜಿರ್ಕಾನ್ ಮತ್ತು ಮೊನಜೈಟ್ ಎಂಬ ಖನಿಜಗಳ ಪುಟ್ಟ ಕಣಗಳನ್ನು. ಕಲ್ಲು ಕುಟ್ಟಿ, ಜರಡಿ ಹಿಡಿದು, ಬ್ರೋಮೋಫಾರ್ಮ್ ಎಂಬ ದಟ್ಟ ದ್ರವದಲ್ಲಿ ಭಾರದ ಕಣಗಳನ್ನು ಮುಳುಗಿಸಿ, ಮೈಕ್ರೋಸ್ಕೋಪ್ ಕೆಳಗೆ ಸೂಜಿ ತುದಿಯಲ್ಲಿ ಒಂದೊಂದಾಗಿ ಆರಿಸಿದ್ದು. ಅದೂ ಮಳೆಗಾಲದಲ್ಲಿ. ಇಲ್ಲಿನ ಜುಲೈ ಗೊತ್ತಲ್ಲ, ಡೆಸಿಕೇಟರ್ (ತೇವ ತಾಗದಂತೆ ಇಡುವ ಪಾತ್ರೆ) ಮುಚ್ಚಳ ಸ್ವಲ್ಪ ಸಡಿಲವಿದ್ದರೂ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿರುತ್ತದೆ. ತೇವ ಉಳಿದರೆ ಎಸ್‌ಇಎಂ ಒಳಗಿನ ನಿರ್ವಾತದಲ್ಲಿ ತೊಂದರೆ ಕೊಡುತ್ತದೆಂದು ಓವನ್‌ನಲ್ಲಿ ಒಣಗಿಸಿ, ಪ್ಯಾಕ್ ಮಾಡಿ ಕಳಿಸಿದೆ.

ಹರಳುಗಳನ್ನು ಸ್ಟಬ್ ಎಂಬ ಪುಟ್ಟ ಲೋಹದ ಬಿಲ್ಲೆ ಮೇಲೆ ಅಂಟು ಟೇಪಿನಲ್ಲಿ ಕೂರಿಸುತ್ತಾರೆ. ಈ ಹರಳುಗಳಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಮೇಲೆ ತೆಳುವಾದ ಕೋಟಿಂಗ್ ಬೇಕು. ಬರೀ ಚಿತ್ರ ಸಾಕೆಂದರೆ ಚಿನ್ನ ಒಳ್ಳೆಯದೇ. ಇಡಿಎಸ್ (ಹರಳಿನಿಂದ ಹೊರಡುವ ಎಕ್ಸ್-ರೇ ಶಕ್ತಿ ಅಳೆಯುವ ಪರೀಕ್ಷೆ) ಮಾಡಿ ಯಾವ ಧಾತು ಇದೆ ಎಂದು ನೋಡುವುದಾದರೆ ಕಾರ್ಬನ್. ಇದನ್ನು ವಾಟ್ಸಾಪ್‌ನಲ್ಲಿ ಬರೆದು ಹಾಕಿದ್ದೆ, ಫೋನ್‌ನಲ್ಲೂ ಹೇಳಿದ್ದೆ. "ಕಾರ್ಬನ್ನೇ ಮೇಡಂ, ನೀವು ಟೆನ್ಷನ್ ಮಾಡ್ಕೋಬೇಡಿ" ಎಂದರು ಲ್ಯಾಬ್‌ನವರು. ದುಡ್ಡು ಪೂರ್ತಿ ಮೊದಲೇ ತಗೊಂಡರು. ಬಿಲ್‌ನಲ್ಲೂ "ಕಾರ್ಬನ್ ಕೋಟಿಂಗ್" ಎಂದೇ ಇದೆ. ಇವತ್ತಿಗೂ ಇದೆ.

ರಿಪೋರ್ಟ್ ಬಂತು. ಯಾವ ಕಣ ನೋಡಿದರೂ ಜಿರ್ಕಾನ್‌ನ ಧಾತು ಜಿರ್ಕೋನಿಯಂ! ನನಗಾದ ಖುಷಿ ಅಷ್ಟಿಷ್ಟಲ್ಲ. ತಕ್ಷಣ ಗೈಡ್‌ಗೆ ಕಳಿಸಿದೆ. ಮರುದಿನ ಜೂನಿಯರ್‌ಗಳೆಲ್ಲ ಕೂತಿದ್ದಾಗಲೇ ಸರ್ ಕೇಳಿದರು: "ಏನಮ್ಮಾ, ಕಯನೈಟ್‌ನಲ್ಲಿ ಇರೋದು ಅಲ್ಯೂಮಿನಿಯಂ, ಸಿಲಿಕಾನ್, ಆಕ್ಸಿಜನ್. ಜಿರ್ಕೋನಿಯಂ ಎಲ್ಲಿಂದ ಬಂತು? ಗಾರ್ನೆಟ್‌ನಲ್ಲೂ ಇದೆ. ಹೋಗಲಿ, ಬರೀ ಟೇಪ್ ಮೇಲೆ ತೆಗೆದ ಸ್ಪೆಕ್ಟ್ರಮ್ ಗ್ರಾಫ್‌ನಲ್ಲೂ ಇದೆಯಲ್ಲ?" ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು.

ಆಮೇಲೆ ಪಿಡಿಎಫ್ ಮತ್ತೆ ತೆಗೆದೆ. ಗ್ರಾಫ್ 8 ಕೆಇವಿಗೇ (ಎಕ್ಸ್-ರೇ ಶಕ್ತಿಯ ಅಳತೆ) ಕತ್ತರಿಸಿತ್ತು. ಕಾಡಿ ಬೇಡಿ ಮೂಲ ಫೈಲ್ ತರಿಸಿಕೊಂಡೆ. 9.7ರ ಹತ್ತಿರ ಸಣ್ಣದೊಂದು ಶಿಖರ. ಅದು ಚಿನ್ನದ್ದು. ಇನ್ನು ಜಿರ್ಕೋನಿಯಂ ಎಂದು ಹೆಸರು ಬರೆದಿದ್ದ ಶಿಖರ 2.12ರಲ್ಲಿ. ಜಿರ್ಕೋನಿಯಂನದು 2.04, ಮೊನಜೈಟ್‌ನ ರಂಜಕದ್ದು 2.01, ಚಿನ್ನದ್ದು 2.12. ಇಷ್ಟು ಹತ್ತಿರದವನ್ನು ಇಡಿಎಸ್ ಬೇರೆ ಮಾಡಿ ತೋರಿಸುವುದಿಲ್ಲ, ಒಂದೇ ಗುಡ್ಡವಾಗಿ ಕಾಣುತ್ತವೆ. ಅಂದರೆ ನಾನು ಹುಡುಕುತ್ತಿದ್ದ ಎರಡೂ ಧಾತುಗಳ ಮೇಲೆಯೇ ಚಿನ್ನ ಕೂತಿತ್ತು. ಚಿನ್ನ ಬಳಿದು, ಧಾತುಗಳ ಪಟ್ಟಿಯಿಂದ ಚಿನ್ನದ ಹೆಸರು ತೆಗೆದು, ಆ ಶಿಖರಕ್ಕೆ ಜಿರ್ಕೋನಿಯಂ ಎಂದು ಹೆಸರಿಟ್ಟು ಕಳಿಸಿದ್ದಾರೆ. ಕೈತಪ್ಪಿ ಆದದ್ದಾದರೆ ಗ್ರಾಫ್ ಯಾಕೆ ಕತ್ತರಿಸಬೇಕಿತ್ತು?

ಕೇಳಿದ್ದಕ್ಕೆ ಬಂದ ಉತ್ತರಗಳು ನೋಡಿ. ಮೊದಲು: "ಅದು ಸಾಫ್ಟ್‌ವೇರ್ ತಾನೇ ಹಾಕೋದು ಮೇಡಂ." ಫೈಲ್ ತೋರಿಸಿದ ಮೇಲೆ: "ಕಾರ್ಬನ್ ಮಷೀನ್ ರಿಪೇರಿಗೆ ಹೋಗಿತ್ತು. ಚಿನ್ನ ಕಾಸ್ಟ್ಲಿ ಅಲ್ವಾ, ನಿಮಗೆ ಅದೇ ರೇಟಿಗೆ ಹಾಕಿಕೊಟ್ವಿ." ಅಂದರೆ ನಾನು ಥ್ಯಾಂಕ್ಸ್ ಹೇಳಬೇಕಿತ್ತಂತೆ! ಕೊನೆಗೆ: "ಅಸಿಟೋನ್‌ನಲ್ಲಿ ಒರೆಸಿ, ಹೋಗುತ್ತೆ." ಅಸಿಟೋನ್‌ಗೆ ಚಿನ್ನ ಹೋಗುವುದಿಲ್ಲ ಸ್ವಾಮಿ, ಟೇಪಿನ ಅಂಟು ಬಿಡುತ್ತದೆ, ಹರಳು ಜಾರುತ್ತದೆ. ಇಷ್ಟೂ ಗೊತ್ತಿಲ್ಲದವರು ಲ್ಯಾಬ್ ಹೆಸರು ಹಾಕಿಕೊಂಡು ಕೂತಿದ್ದಾರೆ. ದುಡ್ಡು ವಾಪಸ್ ಕೇಳಿದ ಮೇಲೆ ಬ್ಲೂ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ.

ಸ್ಟಬ್ ವಾಪಸ್ ಬಂದಾಗ ಲೆನ್ಸ್ ಹಿಡಿದು ನೋಡಿದೆ. ಕಯನೈಟ್‌ನ ನೀಲಿ ಇಲ್ಲ, ಎಲ್ಲ ಕಣಗಳ ಮೇಲೂ ಒಂದೇ ಥರ ಮಂಕು ಹೊಂಬಣ್ಣ. ಒಂದು ಉದ್ದನೆಯ ಹರಳು ಸೀಳಿನುದ್ದಕ್ಕೂ ಎರಡಾಗಿತ್ತು. ಕಯನೈಟ್ ಸುಲಭವಾಗಿ ಸೀಳುವ ಖನಿಜ, ಅಲ್ಟ್ರಾಸೋನಿಕ್ ಕ್ಲೀನರ್‌ಗೆ (ಶಬ್ದದ ಕಂಪನದಿಂದ ತೊಳೆಯುವ ಯಂತ್ರ) ಹಾಕಬೇಡಿ ಎಂದು ಅದನ್ನೂ ಬರೆದಿದ್ದೆ. ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಲ್ಲಿ ಚಿನ್ನ ಕರಗಿಸಬಹುದು, ಅದಕ್ಕೂ ಮೊದಲು ಒಂದೊಂದು ಕಣವನ್ನೂ ಟೇಪಿನಿಂದ ಬಿಡಿಸಬೇಕು. ಆ ಕೆಲಸ ಈಗ ನನ್ನ ತಲೆಗೆ.

ನೀವು ಕೊಡುವುದಾದರೆ "ಕಾರ್ಬನ್ ಮಾತ್ರ, ಚಿನ್ನ ಬೇಡ" ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಕೋಟಿಂಗ್ ಆದ ಕೂಡಲೇ ಸ್ಟಬ್‌ನ ಫೋಟೋ ಕೇಳಿ. ಬರೀ ಪಿಡಿಎಫ್ ಒಪ್ಪಬೇಡಿ, ಮೂಲ ಫೈಲ್ ಕೈಗೆ ಬರುವವರೆಗೆ ಬಾಕಿ ದುಡ್ಡು ಬಿಡಬೇಡಿ. ಖಾಲಿ ಟೇಪ್ ಮೇಲೆ ಒಂದು ಸ್ಪೆಕ್ಟ್ರಮ್ ತೆಗೆಸಲೇಬೇಕು, ನನ್ನ ವಿಷಯದಲ್ಲಿ ಅವರನ್ನು ಸಿಕ್ಕಿಹಾಕಿಸಿದ್ದು ಅದೇ. ಎಲ್ಲ ಹರಳನ್ನೂ ಒಟ್ಟಿಗೆ ಕಳಿಸಬೇಡಿ. ಲೋ ವ್ಯಾಕ್ಯೂಮ್ (ಒಳಗೆ ಸ್ವಲ್ಪ ಅನಿಲ ಉಳಿಸುವ ಸೌಲಭ್ಯ) ಇರುವ ಯಂತ್ರ ಸಿಕ್ಕರೆ ಕೋಟಿಂಗ್ ಇಲ್ಲದೆಯೇ ನೋಡಬಹುದು, ಮೊದಲು ಅದನ್ನು ವಿಚಾರಿಸಿ.

ಕತ್ತರಿಸಿದ ಗ್ರಾಫ್, ಪೂರ್ತಿ ಗ್ರಾಫ್ ಎರಡೂ ನನ್ನ ಹತ್ತಿರ ಇವೆ. ನಿಮ್ಮ ರಿಪೋರ್ಟ್ ಮೇಲೂ ಅನುಮಾನ ಇದ್ದರೆ ಕೇಳಿ, ಕಳಿಸುತ್ತೇನೆ, ಪಕ್ಕದಲ್ಲಿಟ್ಟು ನೋಡಿಕೊಳ್ಳಿ.