ಡೆಫಿನಿಷನ್ ಎಸ್ಸೇ ಪಾಠಕ್ಕೆ ‘ದಿ ಮಾಸ್ಕ್ ಯು ಲಿವ್ ಇನ್’: ಇಪ್ಪತ್ತು ನಿಮಿಷ ಸಾಕು, ಪೂರ್ತಿ ಬೇಡ

ಜೆನಿಫರ್ ಸೀಬೆಲ್ ನ್ಯೂಸಮ್ ನಿರ್ದೇಶಿಸಿದ, 2015ರಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಮೊದಲು ತೆರೆಕಂಡ ಈ ಅಮೆರಿಕನ್ ಸಾಕ್ಷ್ಯಚಿತ್ರ ಹುಡುಗರಿಗೆ ‘ಗಂಡಸಾಗು’ ಎಂದು ಹೇಗೆಲ್ಲ ಕಲಿಸಲಾಗುತ್ತದೆ ಎಂಬುದನ್ನು ತೋರಿಸುತ್ತದೆ. ಗಂಡಸುತನ ಎಂದರೇನು ಎಂದು ಮಾತ್ರ ಎಲ್ಲಿಯೂ ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದಿಲ್ಲ. ಸಿನಿಮಾವಾಗಿ ಇದು ಕೊರತೆಯೋ ಏನೋ, ಬರವಣಿಗೆ ಕಲಿಸುವವರಿಗಂತೂ ಅನುಕೂಲ. ಡೆಫಿನಿಷನ್ ಎಸ್ಸೇ ಎಂದರೆ ಎಲ್ಲರೂ ಬಳಸುವ, ಆದರೆ ಬಿಡಿಸಿ ಹೇಳಿ ಎಂದರೆ ತಡವರಿಸುವ ಪದವೊಂದರ ಎಲ್ಲೆ ಗುರುತಿಸುವ ಪ್ರಬಂಧ. ಚಿತ್ರ ಉದಾಹರಣೆಗಳನ್ನು ಸುರಿಯುತ್ತದೆ, ಎಲ್ಲೆ ಹಾಕುವ ಕೆಲಸ ವಿದ್ಯಾರ್ಥಿಗೆ ಉಳಿಯುತ್ತದೆ.

ಚಿತ್ರದ ಅವಧಿ ಸುಮಾರು ಒಂದೂವರೆ ಗಂಟೆ. ಪೂರ್ತಿ ತೋರಿಸಿದರೆ ಕೈಗೆ ಬರುವುದು ಕಥಾಸಾರಾಂಶ: ‘ಮೊದಲು ಒಬ್ಬ ಕೋಚ್ ಬರುತ್ತಾರೆ, ಆಮೇಲೆ...’ ಹಾಗಾಗಿ ಎರಡು ತುಣುಕು ಆರಿಸಿಕೊಳ್ಳಿ. ಒಂದು, ಆರಂಭದಲ್ಲಿ ಬರುವ ಅಮೆರಿಕನ್ ಫುಟ್‌ಬಾಲಿನ ಮಾಜಿ ಆಟಗಾರ, ಕೋಚ್ ಜೋ ಎರ್ಮನ್ ಅವರ ಮಾತು. ಅಳು ನಿಲ್ಲಿಸಿ ಗಂಡಸಾಗು ಎಂದು ಅಪ್ಪ ಹೇಳಿದ್ದನ್ನು ಅವರು ನೆನೆಯುತ್ತಾರೆ. ಆಟದ ಬಲ, ಹಣ, ಹೆಣ್ಣಿನ ಮೇಲಿನ ಗೆಲುವು ಎಂಬ ಮೂರು ಅಳತೆಗೋಲುಗಳ ಬಗ್ಗೆ ಅವರು ಹೇಳುವುದು ಟಿಪ್ಪಣಿಗೆ ಹೇಳಿಮಾಡಿಸಿದ ಹಾಗಿದೆ. ಇನ್ನೊಂದು, ಓಕ್ಲೆಂಡಿನ ಶಿಕ್ಷಕ ಅಶಾಂತಿ ಬ್ರಾಂಚ್ ನಡೆಸುವ ಚಟುವಟಿಕೆ. ಹುಡುಗರು ಹಾಳೆಯ ಒಂದು ಬದಿಯಲ್ಲಿ ಲೋಕಕ್ಕೆ ತೋರಿಸುವುದನ್ನೂ ಹಿಂಬದಿಯಲ್ಲಿ ಬಚ್ಚಿಟ್ಟಿದ್ದನ್ನೂ ಬರೆಯುತ್ತಾರೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ದೃಶ್ಯವಿಲ್ಲ.

ತುಣುಕು ತೋರಿಸುವ ಮೊದಲು ಹತ್ತು ನಿಮಿಷ ಕೊಟ್ಟು, ಅರ್ಧ ಹಾಳೆಯಲ್ಲಿ ಸ್ವಂತ ವ್ಯಾಖ್ಯೆ ಬರೆಸಿ ಎತ್ತಿಟ್ಟುಕೊಳ್ಳಿ. ಈ ಹೆಜ್ಜೆ ತಪ್ಪಿಸಿದರೆ ಎಲ್ಲರ ವ್ಯಾಖ್ಯೆಯೂ ಚಿತ್ರದ ಪ್ರತಿಧ್ವನಿಯಾಗುತ್ತದೆ. ನೋಡುವಾಗ ಮೂರು ಕಾಲಂ ಇರಲಿ: ಯಾರು ಹೇಳಿದರು, ಏನು ಹೇಳಿದರು, ಹಾಗಾದರೆ ಅವರ ಲೆಕ್ಕದಲ್ಲಿ ಗಂಡಸುತನ ಯಾವ ಬಗೆಯ ವಸ್ತು. ಮೂರನೆಯ ಕಾಲಂ ಖಾಲಿ ಬಿಡುವವರೇ ಹೆಚ್ಚು, ಪಾಠ ಶುರುವಾಗುವುದೂ ಅಲ್ಲಿಂದಲೇ.

ವ್ಯಾಖ್ಯೆಯ ವಾಕ್ಯಕ್ಕೆ ಮೂರು ಅಂಗ: ಪದ, ಅದು ಸೇರುವ ವರ್ಗ, ಅದೇ ವರ್ಗದ ಉಳಿದವುಗಳಿಂದ ಅದನ್ನು ಬೇರ್ಪಡಿಸುವ ಲಕ್ಷಣ. ‘ಗಂಡಸುತನ ಎಂದರೆ ಗಂಡಸಾಗಿರುವುದು’ ಎಂಬುದು ಸುತ್ತಿ ಬಂದು ಅಲ್ಲೇ ನಿಲ್ಲುತ್ತದೆ. ‘ಗಂಡಸುತನ ಎಂದರೆ ಧೈರ್ಯ’ ಎಂಬುದು ತೀರಾ ಅಗಲ, ಧೈರ್ಯವಂತ ಹೆಂಗಸರೆಲ್ಲ ಅದರೊಳಗೆ ಬಂದುಬಿಡುತ್ತಾರೆ. ವರ್ಗದ ಆಯ್ಕೆಯ ಮೇಲೆ ಇಡೀ ಪ್ರಬಂಧ ನಿಂತಿದೆ. ಗಂಡಸುತನ ಒಂದು ಗುಣ ಎಂದರೆ ಪ್ರಬಂಧಕ್ಕೆ ಒಂದು ದಾರಿ, ನಿಭಾಯಿಸುವ ಪಾತ್ರ ಎಂದರೆ ಇನ್ನೊಂದು. ಸಮಾಜಶಾಸ್ತ್ರಜ್ಞ ಮೈಕಲ್ ಕಿಮ್ಮೆಲ್ ಅವರ ವಾದ ಹಿಡಿದರೆ ‘ಬೇರೆ ಗಂಡಸರ ಮುಂದೆ ಮತ್ತೆ ಮತ್ತೆ ಪಾಸಾಗಬೇಕಾದ ಪರೀಕ್ಷೆ’ ಎಂಬ ವ್ಯಾಖ್ಯೆ ಸಿಗುತ್ತದೆ. ಈ ಚಿತ್ರದ ಸಾಮಗ್ರಿಗೆ ಅತ್ಯಂತ ಚೆನ್ನಾಗಿ ಒಗ್ಗುವುದು ಇದೇ. ಆಮೇಲೆ ವಿದ್ಯಾರ್ಥಿಯೇ ಪ್ರತ್ಯುದಾಹರಣೆ ತಂದು ಅದನ್ನು ತಟ್ಟಿ ನೋಡಲಿ: ಆ ಪರೀಕ್ಷೆಗೆ ಕೂರಲೊಪ್ಪದವನಿಗೆ ಗಂಡಸುತನವೇ ಇಲ್ಲವೇ?

‘ಇದಲ್ಲ, ಅದಲ್ಲ’ ಎನ್ನುತ್ತ ಹೋಗುವ ನಿಷೇಧ ವಿಧಾನಕ್ಕೆ ಚಿತ್ರದಲ್ಲಿ ಬೇಕಾದಷ್ಟು ಸರಕಿದೆ, ಏಕೆಂದರೆ ಹೆಣ್ಣಿನದ್ದೆನಿಸಿದ್ದನ್ನೆಲ್ಲ ದೂರ ತಳ್ಳುವುದೇ ಗಂಡಸುತನವಾಗಿಬಿಟ್ಟಿದೆ ಎಂಬುದು ಅದರ ಮುಖ್ಯ ದೂರು. ಆದರೆ ಇದಕ್ಕೆ ಒಂದು ಪ್ಯಾರಾ ಮಿತಿ ಹಾಕಿ.

ಚಿತ್ರದ ದೋಷಗಳು ಪ್ರಬಂಧಕ್ಕೂ ಅಂಟುತ್ತವೆ. ಹುಡುಗರ ಮೌನ, ವಿಡಿಯೊ ಗೇಮ್, ಅಶ್ಲೀಲ ಚಿತ್ರ, ಸಾಮೂಹಿಕ ಗುಂಡಿನ ದಾಳಿ ಎಲ್ಲವನ್ನೂ ಅದು ಒಂದೇ ಉಸಿರಿನಲ್ಲಿ ಪೋಣಿಸುತ್ತದೆ. ಕಾರಣ ಯಾವುದು, ಜೊತೆಗಿರುವುದು ಯಾವುದು ಎಂದು ನಿಂತು ನೋಡುವುದಿಲ್ಲ. ತಜ್ಞರೂ ಹೆಚ್ಚುಕಡಿಮೆ ಒಂದೇ ಪಕ್ಷ. ಹೀಗಾಗಿ ವ್ಯಾಖ್ಯಾನಿಸಬೇಕಾದವರು ‘ವಿಷಕಾರಿ ಗಂಡಸುತನ ಕೆಟ್ಟದ್ದು’ ಎಂದು ವಾದಕ್ಕಿಳಿಯುತ್ತಾರೆ. ಬೇರೆ ನಿಲುವಿನ ಒಂದು ಚಿಕ್ಕ ಲೇಖನ ಜೊತೆಗಿರಲೇಬೇಕು. ಪರದೆಯ ಮೇಲೆ ಮಿಂಚಿ ಮಾಯವಾಗುವ ಅಂಕಿಅಂಶಗಳು ಅಮೆರಿಕದವು, ಈಗ ಹಳೆಯವೂ ಹೌದು. ಮೂಲ ಹುಡುಕಿ ತಂದವರಿಗಷ್ಟೇ ಬಳಸಲು ಬಿಡಿ.

ಇಪ್ಪತ್ತು ಅಂಕವಿದ್ದರೆ ವ್ಯಾಖ್ಯೆಯ ವಾಕ್ಯಕ್ಕೆ ಐದು, ಎಲ್ಲೆಗೆ ಐದು, ಉದಾಹರಣೆಗೆ ಆರು, ಭಾಷೆಗೆ ನಾಲ್ಕು. ಉದಾಹರಣೆಗಳಲ್ಲಿ ಅರ್ಧವಾದರೂ ಚಿತ್ರದ ಹೊರಗಿನವು ಎಂಬ ಷರತ್ತು ಹಾಕಿ. ನಮ್ಮ ಕಡೆಯ ಕಾಲೇಜಿನಲ್ಲಿ ಇದು ಇನ್ನೂ ಅಗತ್ಯ. ಅಮೆರಿಕನ್ ಫುಟ್‌ಬಾಲಿನ ಕೋಚ್‌ಗೆ ಅಲ್ಲಿರುವ ತೂಕ ಇಲ್ಲಿನ ಹುಡುಗರಿಗೆ ತಿಳಿಯದು, ಎರ್ಮನ್ ಅವರ ಮೂರು ಅಳತೆಗೋಲಿಗೆ ತಮ್ಮೂರಿನ ಮೂರನ್ನು ಎದುರಿಟ್ಟರೆ ಬರಹ ಓಡುತ್ತದೆ.

ಆತ್ಮಹತ್ಯೆ, ಲೈಂಗಿಕ ಹಿಂಸೆಯ ಪ್ರಸ್ತಾಪಗಳಿವೆ. ಹದಿನೆಂಟರ ಒಳಗಿನವರಿಗಾದರೆ ತುಣುಕುಗಳನ್ನು ಮೊದಲೇ ಒಬ್ಬರೇ ಕೂತು ನೋಡಿ, ತರಗತಿಗೂ ಮುನ್ಸೂಚನೆ ಕೊಡಿ. ಮಾತಿನ ವೇಗ ಜಾಸ್ತಿ, ಸಬ್‌ಟೈಟಲ್ ಹಾಕಿಯೇ ತೋರಿಸಿ.