ಮೊಯಾಮೊಯಾಗೆ ಔಷಧದ ಗುರಿ ಹುಡುಕುವಾಗ: ಓಪನ್ ಟಾರ್ಗೆಟ್ಸ್ ಜಾಲಸೇವೆಯ ವಿಮರ್ಶೆ

ಕೊಡಗಿನ ಪದವಿ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನಾನು, ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೆಲಸಕ್ಕಾಗಿ ಈ ಮಳೆಗಾಲದುದ್ದಕ್ಕೂ ಓಪನ್ ಟಾರ್ಗೆಟ್ಸ್ ಪ್ಲಾಟ್‌ಫಾರ್ಮ್ ಎಂಬ ಉಚಿತ ಜಾಲಸೇವೆಯನ್ನು ಬಳಸಿದೆ. ಕಾಯಿಲೆಯೊಂದರ ಹೆಸರು ಕೊಟ್ಟರೆ, ಅದಕ್ಕೆ ಔಷಧ ರೂಪಿಸಲು ಯಾವ ಪ್ರೋಟೀನುಗಳನ್ನು ಗುರಿಯಾಗಿಸಬಹುದು ಎಂಬುದಕ್ಕೆ ಸಿಗುವ ಪುರಾವೆಗಳನ್ನು ಒಟ್ಟುಗೂಡಿಸಿ, ಸೊನ್ನೆಯಿಂದ ಒಂದರ ನಡುವಿನ ಅಂಕದೊಡನೆ ಪಟ್ಟಿ ಮಾಡಿಕೊಡುವುದು ಇದರ ಕೆಲಸ. ನಾವು ಕೊಟ್ಟ ಹೆಸರು ಮೊಯಾಮೊಯಾ.

1957ರಲ್ಲಿ ಜಪಾನಿನಲ್ಲಿ ಮೊದಲು ವರದಿಯಾದ ಈ ಅಪರೂಪದ ಕಾಯಿಲೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಒಳ ಕ್ಯಾರೊಟಿಡ್ ಅಪಧಮನಿಗಳು ತುದಿಯಲ್ಲಿ ಕ್ರಮೇಣ ಕಿರಿದಾಗುತ್ತವೆ. ಆ ಕೊರತೆ ತುಂಬಲು ಮಿದುಳಿನ ಬುಡದಲ್ಲಿ ಬಲಹೀನವಾದ ಸೂಕ್ಷ್ಮನಾಳಗಳು ಹುಟ್ಟಿಕೊಳ್ಳುತ್ತವೆ. ನಾಳ ಕಿರಿದಾಗುವುದನ್ನೇ ತಡೆಯುವ ಔಷಧ ಇನ್ನೂ ಇಲ್ಲ. ಆಸ್ಪಿರಿನ್ ಮತ್ತು ಮಿದುಳಿಗೆ ರಕ್ತ ಹರಿಯಲು ಬೇರೆ ದಾರಿ ಮಾಡಿಕೊಡುವ ಬೈಪಾಸ್ ಶಸ್ತ್ರಚಿಕಿತ್ಸೆಯೇ ಸದ್ಯದ ಆಸರೆ, ಶಸ್ತ್ರಚಿಕಿತ್ಸೆಯೆಂದರೆ ನಮ್ಮ ಜಿಲ್ಲೆಯವರು ಘಟ್ಟ ಇಳಿದೋ ಬೆಂಗಳೂರಿಗೆ ಹೋಗಿಯೋ ದೊಡ್ಡ ಆಸ್ಪತ್ರೆ ಸೇರಬೇಕು.

ಪಟ್ಟಿಯ ಮೇಲ್ಸಾಲಿನಲ್ಲಿ ನಿರೀಕ್ಷೆಯಂತೆ ಆರ್‌ಎನ್‌ಎಫ್213 ಇದೆ. 17ನೇ ವರ್ಣತಂತುವಿನಲ್ಲಿರುವ ಈ ಜೀನಿನ ಆರ್4810ಕೆ ರೂಪಾಂತರಕ್ಕೂ ಕಾಯಿಲೆಗೂ ಇರುವ ನಂಟನ್ನು ಜಪಾನಿನ ಸಂಶೋಧಕರು 2011ರಲ್ಲಿ ತೋರಿಸಿದರು. ಸುಮಾರು 5,200 ಅಮೈನೋ ಆಮ್ಲಗಳ ಈ ದೈತ್ಯ ಪ್ರೋಟೀನು ಇತರ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತುಚೀಟಿಯಂಥ ಪುಟ್ಟ ಪ್ರೋಟೀನನ್ನು ಅಂಟಿಸುವ ಕಿಣ್ವ. ಪ್ರತಿ ಅಂಕದ ಹಿಂದಿರುವ ಪುರಾವೆಯನ್ನು ಜೀನ್ ಅಧ್ಯಯನ, ಪ್ರಾಣಿಮಾದರಿ, ಪ್ರಕಟಿತ ಲೇಖನ ಎಂದು ಬಿಡಿಸಿ ನೋಡಲು ಬಿಡುವುದೇ ಈ ಸೇವೆಯ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ.

ಆದರೆ ಅಂಕವನ್ನಷ್ಟೇ ನಂಬಿದವರು ದಾರಿ ತಪ್ಪುತ್ತಾರೆ. ಪ್ರಬಂಧಗಳಲ್ಲಿ ಕಾಯಿಲೆಯ ಹೆಸರೂ ಪ್ರೋಟೀನಿನ ಹೆಸರೂ ಜೊತೆಗೆ ಬಂದದ್ದನ್ನು ಯಂತ್ರವೇ ಓದಿ ಲೆಕ್ಕಕ್ಕೆ ಸೇರಿಸುವುದರಿಂದ ಕೆಳಸಾಲುಗಳ ಎಷ್ಟೋ ಹೆಸರುಗಳ ಬೆನ್ನಿಗೆ ಬೇರೆ ಆಧಾರವೇ ಇರುವುದಿಲ್ಲ; ಒಂದೇ ಮದುವೆಮನೆಯಲ್ಲಿ ಕಂಡವರೆಲ್ಲ ನೆಂಟರಾಗುವುದುಂಟೇ? ಇನ್ನೂ ಮುಖ್ಯವಾಗಿ, ಪ್ರೋಟೀನಿನ ಕೆಲಸವನ್ನು ತಡೆಯಬೇಕೋ ಹೆಚ್ಚಿಸಬೇಕೋ ಎಂಬುದನ್ನು ಅಂಕ ಹೇಳದು. ತಡೆಯಬೇಕೋ ಹೆಚ್ಚಿಸಬೇಕೋ ತಿಳಿದರೂ ಅಷ್ಟೇ ಸಾಲದು. ಅನ್ನನಾಳದ ತೊಂದರೆಯೊಡನೆ ಬರುವ ವಿರಳ ಮೊಯಾಮೊಯಾಗೆ ಗ್ವಾನಿಲೇಟ್ ಸೈಕ್ಲೇಸ್ ಕಿಣ್ವದ ಒಂದು ಘಟಕ ಕೆಟ್ಟಿರುವುದು ಕಾರಣ. ಅದೇ ಕಿಣ್ವವನ್ನು ಚುರುಕುಗೊಳಿಸುವ ರಿಯೊಸಿಗ್ವಾಟ್ ಎಂಬ ಮಾತ್ರೆ ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆ ಬಳಕೆಯಲ್ಲಿದೆ. ಇವೆರಡನ್ನೂ ಜೋಡಿಸಿ ಓದಿದ ವಿದ್ಯಾರ್ಥಿಯೊಬ್ಬಳು ಮೊಯಾಮೊಯಾಗೆ ಮದ್ದು ಸಿಕ್ಕಿತೆಂದೇ ಹಿಗ್ಗಿದಳು. ಹುಟ್ಟಿನಿಂದಲೇ ಘಟಕ ಕೆಟ್ಟಿರುವ ಕಿಣ್ವವನ್ನು ಮಾತ್ರೆ ಚುರುಕುಗೊಳಿಸುವುದಾದರೂ ಹೇಗೆ?

ಇಂಥ ಹುಡುಕಾಟಕ್ಕೆ ಈಗ ಹೆಚ್ಚು ಬಳಕೆಯಾಗುತ್ತಿರುವ ಮೆಂಡೀಲಿಯನ್ ರ‍್ಯಾಂಡಮೈಸೇಶನ್ ವಿಧಾನಕ್ಕೂ ಮಿತಿಯಿದೆ. ರಕ್ತದಲ್ಲಿ ಪ್ರೋಟೀನಿನ ಪ್ರಮಾಣವನ್ನು ಹುಟ್ಟಿನಿಂದಲೇ ಏರಿಳಿಸುವ ಜೀನ್ ವ್ಯತ್ಯಾಸಗಳನ್ನು ಹಿಡಿದು, ಆ ಪ್ರೋಟೀನು ಕಾಯಿಲೆಗೆ ಕಾರಣವೋ ಬರಿಯ ಜೊತೆಗಾರನೋ ಎಂದು ಅಳೆಯುವ ವಿಧಾನವಿದು. ಇಂಥ ಲೆಕ್ಕಗಳಿಗೆ ಆಧಾರವಾಗುವ ಅಧ್ಯಯನಗಳಲ್ಲೊಂದಾದ, ಯುಕೆ ಬಯೋಬ್ಯಾಂಕ್ ಎಂಬ ಬ್ರಿಟನ್ನಿನ ಆರೋಗ್ಯಮಾಹಿತಿ ಭಂಡಾರದ 2023ರ ಅಧ್ಯಯನದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತದಲ್ಲಿ ಸುಮಾರು 2,900 ಪ್ರೋಟೀನುಗಳನ್ನು ಅಳೆಯಲಾಗಿದೆಯಾದರೂ ಅವರಲ್ಲಿ ಬಹುಪಾಲು ಯುರೋಪ್ ಮೂಲದವರು. ಮೊಯಾಮೊಯಾ ಹೆಚ್ಚಾಗಿರುವುದು ಪೂರ್ವ ಏಷ್ಯಾದಲ್ಲಿ. ಮೇಲಾಗಿ ಆರ್‌ಎನ್‌ಎಫ್213 ಜೀವಕೋಶದೊಳಗೆ ದುಡಿಯುವ ಪ್ರೋಟೀನು. ರಕ್ತದ್ರವದಲ್ಲಿ ಅದನ್ನು ಅಳೆದು ನಾಳದ ಗೋಡೆಯ ಸ್ಥಿತಿ ತಿಳಿಯುವುದು ಕಷ್ಟ.

ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಈ ಜಾಲಸೇವೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮನೆಯಲ್ಲಿ ರೋಗಿಯಿರುವವರು ಪಟ್ಟಿಯನ್ನು ಔಷಧಚೀಟಿಯಂತೆ ಓದಬಾರದು. ಖಾತೆ ತೆರೆಯಬೇಕಿಲ್ಲ. ಪುಟಗಳು ಭಾರವಾಗಿರುವುದರಿಂದ, ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ನಮ್ಮ ಆಷಾಢದ ದಿನಗಳಲ್ಲಿ ಕೋಷ್ಟಕಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.